ಹೊಸ್ತಿಲಲ್ಲಿ ನಿಂತು ಎಣಿಸಿದ್ದು

ಹುಮನಾಬಾದಿನ ತರಬೇತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಎದೆ ಒತ್ತಿದವಳು ನಾನೇ. ಜಂಬಕ್ಕೆ ಹೇಳುತ್ತಿಲ್ಲ, ಜಂಬಪಡುವಂಥದ್ದು ಈಗ ಏನೂ ಉಳಿದಿಲ್ಲ. ಅಂಗನವಾಡಿ ಟೀಚರುಗಳಾದ ನಮಗೆ ಎರಡು ದಿನ ಪ್ರಥಮ ಚಿಕಿತ್ಸೆ ಕಲಿಸಿದರು. ಸುಟ್ಟ ಗಾಯಕ್ಕೆ ಪೇಸ್ಟ್ ಹಚ್ಚಬಾರದು, ತಣ್ಣೀರು ಸುರಿಯಬೇಕು. ಮೂರ್ಛೆ ಬಂದವರ ಬಾಯಿಗೆ ಚಮಚ ತುರುಕಬಾರದು. ಆಮೇಲೆ ಎದೆಬಡಿತ ನಿಂತವರ ಎದೆ ಒತ್ತಿ ಬದುಕಿಸುವುದನ್ನು ಕಲಿಸಲು ಸೊಂಟದಿಂದ ಮೇಲಷ್ಟೇ ಇರುವ ಒಬ್ಬ ರಬ್ಬರ್ ಗಂಡಸನ್ನು ನೆಲದ ಮೇಲೆ ಮಲಗಿಸಿದರು. ನಮ್ಮ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ನನಗೆ ಸಿಟ್ಟು ಬಂತು. ರಬ್ಬರಿಗೆ ಎಂಥ ನಾಚಿಕೆ? ಮೊಣಕಾಲೂರಿ ಕೂತು, ಕೈ ನೆಟ್ಟಗೆ ಹಿಡಿದು ಮೂವತ್ತು ಸಲ ಒತ್ತಿದೆ. "ಟೀಚರ್, ನಿಮ್ಮ ಮುಂದ ಬಿದ್ದಂವ ಬದುಕ್ತಾನ್ರಿ," ಎಂದರು ಡಾಕ್ಟರು. ಬಸವಕಲ್ಯಾಣ ಬರುವ ತನಕ ಬಸ್ಸಿನಲ್ಲಿ ಉಬ್ಬಿಕೊಂಡೇ ಕೂತಿದ್ದೆ.

ಅದಾಗಿ ಮೂರು ತಿಂಗಳಿಗೆ ನಮ್ಮ ಬಾವನವರು, ಅಂದರೆ ನನ್ನ ಗಂಡನ ಅಣ್ಣ ನಾಗನಾಥ, ನಡುಮನೆಯಲ್ಲಿ ಬಿದ್ದರು.

ನಮ್ಮ ಮನೆಯ ರೀತಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬಾವನವರ ಮುಂದೆ ನಾನು ನಿಲ್ಲುವ ಹಾಗಿಲ್ಲ. ಮದುವೆಯಾಗಿ ಬಂದ ಹನ್ನೊಂದು ವರ್ಷದಲ್ಲಿ ಅವರ ಜತೆ ನೇರ ಒಂದು ಮಾತಾಡಿಲ್ಲ. ಅವರು ಬಂದರೆ ತಲೆಯ ಮೇಲೆ ಸೆರಗು ಎಳೆದು ಅಡುಗೆಮನೆಗೆ ಸರಿಯಬೇಕು. ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳಲೂ ಅವರ ಹೆಂಡತಿ, ನನ್ನ ನೆಗೆಣ್ಣಿ ಮಾಣಿಕಮ್ಮನೇ ಬೇಕು. ಯಾರೂ ಬೈದು ಮಾಡಿಸಿದ್ದಲ್ಲ, ರೂಢಿ. ಒಳ್ಳೆಯ ಮನುಷ್ಯರು. ನಾನು ನೌಕರಿಗೆ ಹೋಗುತ್ತೇನೆಂದಾಗ ಅತ್ತೆ ಮುಖ ಊದಿಸಿಕೊಂಡರೆ, ಹೋಗಲಿ ಬಿಡು ಎಂದವರು ಅವರೇ.

ಅಂದು ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬಂದು, ಕೈ ತೊಳೆದು ಕೂರುವಷ್ಟರಲ್ಲಿ ಧೊಪ್ಪನೆ ಉರುಳಿದರು. ನನ್ನ ಗಂಡ ಹಳ್ಳಿಖೇಡದ ಸಕ್ಕರೆ ಕಾರ್ಖಾನೆಯಲ್ಲಿ ಡ್ಯೂಟಿಯ ಮೇಲಿದ್ದರು. ಮನೆಯಲ್ಲಿದ್ದದ್ದು ನಾವು ಮೂವರು ಹೆಂಗಸರು. ಬಾವನವರ ಗಂಟಲಿಂದ ಗೊರಕೆಯಂಥ ಸದ್ದು ತಡೆತಡೆದು ಬರುತ್ತಿತ್ತು.

"ಉಸುರಾಡಾಕತ್ತಾನ! ಉಳ್ಳಾಗಡ್ಡಿ ತರ್ರೆ, ಮೂಗಿಗಿ ಹಿಡೀರೆ!" ಎಂದು ಅತ್ತೆ ದ್ರೌಪತಿ ಕೂಗಿದರು.

ಅದು ಉಸಿರಲ್ಲ. ಎದೆಬಡಿತ ನಿಂತವರ ಗಂಟಲು ಹಾಗೆ ಸದ್ದು ಮಾಡುತ್ತದೆ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ.

ಆಂಬುಲೆನ್ಸಿಗೆ ಫೋನ್ ಮಾಡಿದೆ. ಅಡುಗೆಮನೆಯ ಹೊಸ್ತಿಲಿಗೆ ಬಂದೆ. ಅಲ್ಲೇ ನಿಂತೆ.

ಏನೆಂದು ಹೇಳಲಿ? ಯಾರೂ ನನ್ನನ್ನು ತಡೆಯಲಿಲ್ಲ. ಮಾಣಿಕಮ್ಮ ಅಂಗಿಯ ಗುಂಡಿ ಬಿಚ್ಚಿದಳು, ಬಾವನವರ ಎದೆ ಕಂಡಿತು, ನನ್ನ ಕೈ ತಾನಾಗಿ ನನ್ನ ಸೆರಗಿಗೆ ಹೋಯಿತು. ಆ ಹೊತ್ತಿನಲ್ಲಿ ಸೆರಗು ಸರಿಮಾಡಿಕೊಂಡೆ! ಥೂ ನನ್ನ ಜನ್ಮಕ್ಕೆ.

"ಅಕ್ಕಾ, ನೀ ಒತ್ತು," ಎಂದೆ. "ಎದಿ ನಟ್ಟನಡುವ ಎರಡೂ ಕೈ ಇಡು. ಜೋರ್‌ಲೆ ಒತ್ತು."

ಮಾಣಿಕಮ್ಮ ಅಳುತ್ತ ಒತ್ತಿದಳು, ಮಗುವಿಗೆ ಎಣ್ಣೆ ತಿಕ್ಕುವವಳ ಹಾಗೆ. "ಹಂಗಲ್ಲ ಅಕ್ಕಾ, ಇನ್ನೂ ಜೋರ್‌ಲೆ! ಒಂದು, ಎರಡು, ಮೂರು..." ಅಂಗನವಾಡಿಯ ಮಕ್ಕಳಿಗೆ ಹೇಳಿಕೊಡುವ ಹಾಗೆ ಹೊಸ್ತಿಲಲ್ಲಿ ನಿಂತು ಎಣಿಸಿದೆ. "ನನ್ನ ಮಗನ ಎದಿ ಮುರೀತೀಯೇನ!" ಎಂದು ಅತ್ತೆ ಅವಳ ಕೈ ಕಿತ್ತರು. ಎಲುಬು ಮುರಿದರೂ ಚಿಂತೆಯಿಲ್ಲ, ನಿಲ್ಲಿಸಬಾರದು. ಅದನ್ನೂ ಅಲ್ಲಿಂದಲೇ ಹೇಳಿದೆ. ಆ ಗದ್ದಲದಲ್ಲಿ ಕೇಳುವವರು ಯಾರು? ಸ್ವಲ್ಪ ಹೊತ್ತಿಗೆ ಗೊರಕೆಯ ಸದ್ದು ನಿಂತಿತು.

"ನಿದ್ದಿ ಹತ್ಯಾದ," ಎಂದರು ಅತ್ತೆ.

ಆಂಬುಲೆನ್ಸ್ ಬಂತು, ಒಯ್ದರು. ಆಸ್ಪತ್ರೆಯಲ್ಲಿ ನೋಡಿ, ಜೀವ ಹೋಗಿದೆ ಎಂದರು. ಮರುದಿನ ಮಣ್ಣಾಯಿತು. ಬಂದ ನೆಂಟರೆಲ್ಲ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಫೋನ್ ಮಾಡಿದವಳು ನಾನಂತೆ, ದಿಟ್ಟತನದಿಂದ ನಿಂತವಳು ನಾನಂತೆ. "ಕಲ್ತ ಸೊಸಿ ಮನ್ಯಾಗ ಇರಬೇಕು ನೋಡ್ರಿ," ಎಂದರು. ಕೇಳಿಸಿಕೊಂಡು ಅವರಿಗೆ ಚಹಾ ಕೊಟ್ಟೆ.

ದಿನಕರ್ಮ ಮುಗಿದು ಮನೆ ಖಾಲಿಯಾದ ಮೇಲೆ ಒಂದು ದಿನ ಮಾಣಿಕಮ್ಮ ಹೊದೆಯುವ ಕೌದಿ ಮಡಚಿ ತಂದು ನನ್ನ ಮುಂದೆ ಹಾಕಿದಳು. ಎರಡು ದಿನದಿಂದ ಬಾಯಿಗೆ ತುತ್ತು ಇಟ್ಟಿರಲಿಲ್ಲ.

"ನಾ ಎಲ್ಲಿ ತಪ್ಪಿದೆ, ತೋರ್ಸು ವಿದ್ಯಾವತಿ. ನನ್ನ ಕೈ ನೆಟ್ಟಗ ಬೀಳಲಿಲ್ಲ. ನನ್ನ ಕೈಯಾಗೇ ಹೋದ್ರು ಅವರು."

"ನಿಂದೇನೂ ತಪ್ಪಿಲ್ಲ ಅಕ್ಕಾ."

"ತೋರ್ಸು ಅಂದ್ರ ತೋರ್ಸು."

ಕೂತೆ. ಕೈ ಮೇಲೆ ಕೈ ಇಟ್ಟು ಒತ್ತತೊಡಗಿದೆ. ಎಣಿಸಬೇಕಾಗಲೇ ಇಲ್ಲ, ಲೆಕ್ಕ ಕೈಗೇ ಗೊತ್ತಿತ್ತು. ಮೂವತ್ತಾಯಿತು, ಅರವತ್ತಾಯಿತು. ಬೆವರಿಳಿದರೂ ನಿಲ್ಲಿಸಲಾಗಲಿಲ್ಲ. ಮಾಣಿಕಮ್ಮ ಕೌದಿಯ ಕಡೆ ನೋಡುತ್ತಿರಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದಳು.

"ಇಷ್ಟು ಚಂದ ಬರ್ತದಲ್ಲ ನಿನಗ," ಎಂದಳು.

ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಬೈಯಲಿಲ್ಲ. ನನ್ನ ಕೈ ಕೆಳಗಿನ ಕೌದಿ ಎಳೆದುಕೊಂಡು ತನ್ನ ಕೋಣೆಗೆ ಹೋದಳು.