ಕೆಂಪಾದ ಉಪ್ಪುನೀರು

ತೊಟ್ಟಿಯ ತಗಡು ಸರಿಸಿದವಳೇ ದಂಗಾದೆ. ಮಾವಿನಕಾಯಿಗೆಂದು ತಿಂಗಳ ಹಿಂದೆ ಬಿಸಿಲಂಗಳದಲ್ಲಿ ಕದಡಿಟ್ಟಿದ್ದ ಉಪ್ಪುನೀರು ಕೆಂಪಗಾಗಿತ್ತು. ಬ್ಯಾಡಗಿಯಲ್ಲಿ ಹದಿನೆಂಟು ವರ್ಷದಿಂದ ಉಪ್ಪಿನಕಾಯಿ ಶೆಡ್ಡು ನಡೆಸುತ್ತಿದ್ದೇನೆ, ಇಂಥದ್ದು ಕಂಡಿರಲಿಲ್ಲ.

ನಮ್ಮಲ್ಲೊಂದು ಕಟ್ಟಳೆ. ಮುಟ್ಟಾದ ಹೆಂಗಸು ನಾಲ್ಕು ದಿನ ತೊಟ್ಟಿಯ ಹತ್ತಿರ ಬರುವಂತಿಲ್ಲ, ಆಚೆ ಪಡಸಾಲೆಯಲ್ಲಿ ಕೂತು ಮೆಣಸಿನಕಾಯಿ ಬಿಡಿಸಬೇಕು. ನನ್ನ ಅತ್ತೆ ಹಾಕಿಕೊಟ್ಟದ್ದು. ಈ ತೊಟ್ಟಿಯನ್ನು ಕದಡುವವಳು ಮೈಲವ್ವ. ಇನ್ನೇನು ಬೇಕು? ಸಿಟ್ಟು ನೆತ್ತಿಗೇರಿತು. ಕೆಲಸದ ಹೆಂಗಸರೆಲ್ಲರ ಮುಂದೆ ಬಾಯಿ ಮಾಡಿದೆ.

“ಏ ಮೈಲವ್ವಾ! ಮುಟ್ಟಾಗಿದ್ದು ಮುಚ್ಚಿಟ್ಟು ತೊಟ್ಟಿಗೆ ಕೈ ಹಾಕೀದಿ, ಹೌದಿಲ್ಲೋ?”

“ಇಲ್ರೀ ಅಕ್ಕಾರ. ನಾ ಹಂಗ ಮಾಡಾಕಿ ಅಲ್ಲ.”

“ಸುಳ್ಳ ಬೊಗಳಬ್ಯಾಡ. ಮೈಲಾರಲಿಂಗನ ಮ್ಯಾಲೆ ಆಣಿ ಮಾಡು. ಇಲ್ಲಂದ್ರ ಈಗಿಂದೀಗ ಮನೀಗೆ ನಡಿ.”

ಅವಳು ತನ್ನ ನಾದಿನಿ ಗದಿಗೆವ್ವನ ಕಡೆ ನೋಡಿದಳು. ಗದಿಗೆವ್ವನೂ ನಮ್ಮಲ್ಲೇ ಕೆಲಸಕ್ಕಿದ್ದಾಳೆ. ನಾನು ಬಿಡುವವಳಲ್ಲ, ತೋಳು ಹಿಡಿದು ಜಗ್ಗಿದೆ.

“ಎಲ್ಲಿಂದ ಆಗೂದ್ರಿ?” ಮೈಲವ್ವ ಚೀರಿಯೇ ಬಿಟ್ಟಳು. “ನನ್ನ ಗರ್ಭಚೀಲ ತೆಗದು ಮೂರು ವರ್ಷ ಆತು!”

ಎಲ್ಲರ ಕೈ ನಿಂತವು. ಗಡ್ಡೆ ತೆಗೆಸಿಕೊಂಡು ಬಂದೆ ಎಂದಷ್ಟೇ ಅವಳು ಗಂಡನ ಮನೆಯಲ್ಲಿ ಹೇಳಿದ್ದಳಂತೆ. ಮಕ್ಕಳಿಲ್ಲ; ಇದು ಗೊತ್ತಾದರೆ ಗಂಡನಿಗೆ ಇನ್ನೊಂದು ಮದುವೆ ಮಾಡುತ್ತಾರೆಂಬ ಹೆದರಿಕೆ. ಅದಕ್ಕೇ ತಿಂಗಳಿಗೆ ನಾಲ್ಕು ದಿನ ತಪ್ಪದೆ ಪಡಸಾಲೆಯಲ್ಲಿ ಹೋಗಿ ಕೂರುತ್ತಿದ್ದಳು. ಖರೇ ಹೇಳುತ್ತೇನೆ, ಆಗ ನನಗೆ ಪಾಪ ಎನ್ನಿಸಲಿಲ್ಲ. ಮೂರು ವರ್ಷ ನನಗೂ ಮೋಸ ಮಾಡಿದಳಲ್ಲಾ ಎಂದು ಮೈಯೆಲ್ಲ ಉರಿಯಿತು.

“ನಡಿ ಹೊರಗ,” ಎಂದೆ. ಅವಳು ಹೋದಳು. ಹಿಂದೆಯೇ ಗದಿಗೆವ್ವ ದಡದಡ ಮನೆಗೆ ಓಡಿದಳು.

ಮೂರನೆಯ ದಿನ ರಾಣೆಬೆನ್ನೂರಿನಿಂದ ಪ್ರಯೋಗಾಲಯದ ಚೇತನಕುಮಾರನನ್ನು ಕರೆಸಿದೆ. ನೀರಿನ ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದ.

“ಇವು ಉಪ್ಪಿನ್ಯಾಗ ಬದುಕೋ ಸೂಕ್ಷ್ಮಜೀವಿ ರೀ. ಬ್ಯಾರೆ ಜೀವ ಸಾಯೋವಷ್ಟು ಉಪ್ಪಿದ್ರನ ಇವು ಬೆಳೀತಾವು. ಈ ಬಣ್ಣ ಇವುಗಳದ.”

“ಹೆಂಗಸರು ಮುಟ್ಟಾದಾಗ ಕೈ ಹಾಕಿದ್ರ ಹಿಂಗ ಆಗೂದಿಲ್ಲೇನು?”

“ಏನ್ ಮಾತಂತ ಆಡ್ತೀರ್ರಿ! ಸಮುದ್ರದ ಹಸೀ ಉಪ್ಪಿನ ಜೋಡಿ ಬರ್ತಾವ್ರೀ ಇವು. ಸಿಹಿನೀರಿನ್ಯಾಗ ಒಂದ್ ಗಳಿಗಿ ಬದುಕಂಗಿಲ್ಲ.” ಗಾಜಿನ ಮೇಲೆ ಬಾವಿ ನೀರು ಬಿಟ್ಟು ನನಗೇ ತೋರಿಸಿದ. ಇದ್ದವು, ನೋಡನೋಡುತ್ತ ಒಡೆದು ಇಲ್ಲವಾದವು. “ಉಪ್ಪು ಯಾರು ತರಿಸಿದ್ರಿ?”

ನಾನೇ. ಲಾರಿಯ ಮುಂದೆ ನಿಂತು, ಇದೇ ಇರಲಿ ಎಂದು ಇಳಿಸಿಕೊಂಡವಳು ನಾನೇ.

ಅವತ್ತೇ ಮೈಲವ್ವನ ಮನೆಗೆ ಹೋದೆ. ಅವಳು ಟ್ರಂಕು ಇಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ದೇವರಗುಡ್ಡದಿಂದ ಅವಳ ಅಣ್ಣ ಕರೆದೊಯ್ಯಲು ಬಂದಿದ್ದ. ಒಳಗೆ ಯಾರೂ ಇರಲಿಲ್ಲ.

“ಮೈಲವ್ವಾ, ತಪ್ಪು ಉಪ್ಪಿಂದಂತ. ನಿಂದೇನೂ ಇಲ್ಲ. ನಾಳಿಂದ ಕೆಲಸಕ್ಕ ಬಾ. ಮನಿಯವರೆಲ್ಲಿ? ಅವರಿಗೂ ಹೇಳ್ತೀನಿ.”

“ಹೆಣ್ಣು ನೋಡಾಕ ಹೋಗ್ಯಾರ,” ಎಂದಳು.

ಅವಳು ಎದ್ದು ಟ್ರಂಕು ಎತ್ತಿಕೊಂಡಳು.

“ನನ್ನ ಬಾಯಿ ಬಿಡಿಸಿದ್ದು ಉಪ್ಪೇನ್ರಿ?”