ಬಂದೂಕಿನ ಉಡಿ

ನಮ್ಮತ್ತೆ ಎರ್ರಮ್ಮನವರಿಗೆ ಬಂದೂಕು ಅಂದರೆ ಮನೆಗೆ ಬಂದ ಇನ್ನೊಬ್ಬ ಸೊಸೆ. ನನಗಿಂತ ಮೊದಲು ಬಂದವಳು, ನನಗಿಂತ ಹೆಚ್ಚು ಮರ್ಯಾದೆ ಇದ್ದವಳು. ಕುರುಗೋಡಿನಿಂದ ಮದುವೆಯಾಗಿ ನಾನು ಹಚ್ಚೊಳ್ಳಿಗೆ ಬಂದ ವಾರದಲ್ಲೇ, ನಡುಮನೆಯ ಗೂಟಕ್ಕೆ ತೂಗುಹಾಕಿದ್ದ ಆ ಒಂಟಿ ನಳಿಗೆಯ ಬಂದೂಕನ್ನು ತೋರಿಸಿ, ಇದರ ಕಡೆ ಕಾಲು ಚಾಚಿ ಕೂಡಬೇಡ, ಇದರ ಮುಂದೆ ಅಪಶಕುನದ ಮಾತಾಡಬೇಡ ಎಂದು ಹೇಳಿಕೊಟ್ಟರು. ನನಗೆ ಊಟ ಸೇರಿತೋ ಇಲ್ಲವೋ ಅಂತ ಕೇಳಿದ್ದು ಅದಾದ ಮೇಲೆ.

ಬಂದೂಕು ನಮ್ಮ ಮಾವ ತಿಪ್ಪೇರುದ್ರಪ್ಪನವರು ಬಳ್ಳಾರಿಯಿಂದ ತಂದದ್ದು. ಹೊಳೆದಂಡೆಯ ಜಾಲಿ ಪೊದೆಗಳಿಂದ ಹಂದಿಗಳು ಹಿಂಡುಗಟ್ಟಿ ಬಂದು ಭತ್ತದ ಗದ್ದೆಯಲ್ಲಿ ಹೊರಳಾಡಿದರೆ ಆ ಸಲದ ಬೆಳೆ ಕೈಬಿಟ್ಟಂತೆಯೇ. ಅದಕ್ಕೆಂದೇ ಸರ್ಕಾರ ಲೈಸೆನ್ಸು ಕೊಟ್ಟಿತ್ತು, ನನ್ನ ಗಂಡ ಕೊಟ್ರಬಸಪ್ಪನ ಹೆಸರನ್ನೂ ಅದರಲ್ಲಿ ಸೇರಿಸಿದ್ದರು. ಆದರೆ ಲೈಸೆನ್ಸಿನಲ್ಲಿ ಇಲ್ಲದ ಒಂದು ಕಾನೂನು ನಮ್ಮ ಮನೆಯಲ್ಲಿತ್ತು. ಬಂದೂಕು ಗಂಡಸರದು, ತೋಟಾ ಹೆಂಗಸರದು. ಗುಂಡಿನ ತೋಟಾ ಇಟ್ಟ ಪೆಟ್ಟಿಗೆಯ ಬೀಗದ ಕೈ ಯಾವಾಗಲೂ ಅತ್ತೆಯ ಸೊಂಟದಲ್ಲೇ.

ಮಾವ ಕೇಳಲಿ, ಮಗ ಕೇಳಲಿ, ಅತ್ತೆ ಮೊದಲು ಯಾತಕ್ಕೆ ಅನ್ನುತ್ತಿದ್ದರು. ಹಂದಿಗೆ ಅಂದರೆ ಎರಡನೇ ಪ್ರಶ್ನೆ, ಉಂಡೀಯೇನು ಅಂತ. ಉಂಡಿಲ್ಲ ಅಂದರೆ, "ಉಂಡು ಬಾ, ಕೊಡ್ತೀನಿ." ಸಿಟ್ಟಿನಲ್ಲಿ ಇರುವವನಿಗೆ ತುತ್ತು ಇಳಿಯುವುದಿಲ್ಲ, ತುತ್ತು ಇಳಿದವನಿಗೆ ಸಿಟ್ಟು ನಿಲ್ಲುವುದಿಲ್ಲ ಎಂಬುದು ಅವರ ಲೆಕ್ಕ. ಊರಿಗೆಲ್ಲ ಇದು ಗೊತ್ತಿತ್ತು. ತಿಪ್ಪೇರುದ್ರಪ್ಪನವರ ಬಂದೂಕು ಮೊದಲು ಅಡಿಗೆಮನೆಯ ಅಪ್ಪಣೆ ಪಡೆದು ಆಮೇಲೆ ಹಾರುತ್ತದೆ ಎಂದು ಕಟ್ಟೆಯ ಮೇಲೆ ಕೂತವರು ನಗಾಡುತ್ತಿದ್ದರು. ನನಗೂ ಮೊದಲು ನಗು ಬರುತ್ತಿತ್ತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ, ನನ್ನ ಗಂಡನ ಮುಂಗೋಪ ಕಂಡ ಮೇಲೆ, ಆ ಬೀಗದ ಕೈಗೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ.

ಇನ್ನೊಂದು ಪದ್ಧತಿಯೂ ಇತ್ತು. ಆಯುಧ ಪೂಜೆಯ ದಿನ ನೇಗಿಲು, ಕುಡುಗೋಲು, ಔಷಧಿ ಹೊಡೆಯುವ ಪಂಪು ಎಲ್ಲವನ್ನೂ ತೊಳೆದು ಕಂಬಳಿಯ ಮೇಲೆ ಜೋಡಿಸಿದಾಗ ಬಂದೂಕು ನಡುವೆ ಕೂಡುತ್ತಿತ್ತು. ಹೆಣ್ಣುಮಗಳಿಗೆ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬುವಂತೆ ಅದಕ್ಕೂ ಉಡಿ ತುಂಬಬೇಕು. ಬರಿ ಉಡಿಯವಳನ್ನು ಪೂಜೆಗೆ ಕೂಡಿಸಬಾರದು ಅಂತ ಅತ್ತೆಯ ಹಟ. ಹಾಗಾಗಿ ಮಾವ ಒಂದು ತೋಟಾಕ್ಕೆ ಅರಿಷಿಣ ಕುಂಕುಮ ಹಚ್ಚಿ ನಳಿಗೆಯೊಳಗೆ ಇಡುತ್ತಿದ್ದರು, ಮಾರನೆಯ ದಿನ ಬೆಳಿಗ್ಗೆ ಎದ್ದ ಕೂಡಲೇ ತಾವೇ ತೆಗೆದು ಅತ್ತೆಯ ಕೈಗೆ ಕೊಡುತ್ತಿದ್ದರು.

ಎಪ್ಪತ್ತಾರರ ದಸರೆಗೆ ಮಾವ ಮನೆಯಲ್ಲಿರಲಿಲ್ಲ. ಕಣ್ಣಿಗೆ ಪೊರೆ ಬಂದು, ಆಪರೇಷನ್ನಿಗೆಂದು ಬಳ್ಳಾರಿಯಲ್ಲಿ ಮಗಳ ಮನೆ ಸೇರಿದ್ದರು. ನನ್ನ ಗಂಡನಿಗೆ ಗದ್ದೆಯ ಗಡಿಬಿಡಿ. ಬಂದೂಕಿಗೆ ಒಂದು ಬೊಟ್ಟು ಕುಂಕುಮ ಇಟ್ಟು, ಒಂದು ಹೂವು ಏರಿಸಿ, ಇಷ್ಟು ಸಾಕು ಅಂದು ಎದ್ದು ಹೋದ. ಅತ್ತೆ ಬಂದೂಕನ್ನು ನೋಡುತ್ತ ಅಲ್ಲೇ ಕೂತರು. ಮರುದಿನ ಬನ್ನಿ ಕೊಡಲು ಎಲ್ಲರ ಮನೆಗೂ ಹೋಗಿ ಬಂದೆವು. ನಮ್ಮ ಗದ್ದೆಯ ಕೆಳಗಿನ ಗದ್ದೆಯವನು ಗಾಳೆಪ್ಪ, ಜಾತಿಯ ಕಟ್ಟಳೆಯಂತೆ, ನಮ್ಮ ಮನೆಯ ಕಟ್ಟೆಯ ತನಕ ಮಾತ್ರ ಬಂದು, ನನ್ನ ಗಂಡನಿಗೆ ಬನ್ನಿ ಕೊಟ್ಟು, ಅಣ್ಣಾ ಅಂತ ಕಾಲಿಗೆ ಬಿದ್ದು ಹೋದ.

ಆ ಬನ್ನಿ ಎಲೆ ಒಣಗಿರಲಿಲ್ಲ, ಕಾಲುವೆಯ ಮೇಲೆ ಜಗಳ ಹತ್ತಿತು. ಭತ್ತ ತೆನೆ ಕಟ್ಟುವ ಹೊತ್ತು, ಕಾಲುವೆಯಲ್ಲಿ ನೀರು ಮೊಣಕಾಲಿಗೂ ಇಲ್ಲ. ಅವತ್ತು ಪಾಳಿ ನಮ್ಮದು ಅಂತ ನನ್ನ ಗಂಡ, ನಿಮ್ಮದು ಮುಗಿದು ನಮ್ಮದು ಹತ್ತಿತು ಅಂತ ಗಾಳೆಪ್ಪ. ತೂಬಿನ ಹತ್ತಿರ ಕೈ ಕೈ ಮಿಲಾಯಿಸಿದರು. ಗಾಳೆಪ್ಪ ಗಟ್ಟಿ ಆಳು. ನೂಕಿದ ನೂಕಿಗೆ ನನ್ನ ಗಂಡ ಕಾಲುವೆಯ ಕೆಸರಿನಲ್ಲಿ ಬೆನ್ನು ಕೆಳಗಾಗಿ ಬಿದ್ದ. ಸುತ್ತ ಕಳೆ ತೆಗೆಯುತ್ತಿದ್ದ ಹೆಂಗಸರೆಲ್ಲ ನಕ್ಕರಂತೆ. ಬಿದ್ದದ್ದನ್ನು ಅವನು ಸಹಿಸುತ್ತಿದ್ದನೋ ಏನೋ, ಆ ನಗುವನ್ನು ಸಹಿಸಲಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಮನೆಗೆ ಬಂದವನ ಮೈಮೇಲೆ ಕೆಸರು ಒಣಗಿ ಬಿಳಿಚಿತ್ತು. ಅಂಗಿಯ ಒಂದು ತೋಳು ಹರಿದಿತ್ತು. ನೇರ ಅತ್ತೆಯ ಮುಂದೆ ನಿಂತು ಕೈ ಚಾಚಿದ.

"ಯವ್ವಾ, ಒಂದು ತೋಟಾ ಕೊಡು."

ಅತ್ತೆ ಅವನ ಅಂಗಿ ನೋಡಿದರು, ಮುಖ ನೋಡಿದರು. ಯಾತಕ್ಕೆ ಅಂತ ಕೇಳಲೇ ಇಲ್ಲ. ಬಿಡಿಸುತ್ತಿದ್ದ ಅವರೆಕಾಯಿ ಕೈಬಿಡದೆ, ಉಂಡು ಬಾ ಅಂದರು. ನಾನು ಗಡಬಡಿಸಿ ತಟ್ಟೆ ಇಟ್ಟೆ, ರೊಟ್ಟಿ ಬಡಿಸಿದೆ. ಅವನು ತಟ್ಟೆಯ ಮುಂದೆ ಕೂತ. ರೊಟ್ಟಿ ಮುರಿದ, ಬಾಯಿಗಿಡಲಿಲ್ಲ. ಅತ್ತೆ ಹಿತ್ತಲಿಗೆ ಹೋದರು, ನಾನು ಪಲ್ಯ ತರಲು ಒಳಗೆ ಹೋದೆ. ಬರುವಷ್ಟರಲ್ಲಿ ತಟ್ಟೆ ಹಾಗೇ ಇತ್ತು, ಗೂಟ ಖಾಲಿ ಇತ್ತು.

ಸತ್ಯ ಹೇಳುತ್ತೇನೆ, ನನಗೆ ಭಯ ಆಗಲಿಲ್ಲ, ನಾಚಿಕೆ ಆಯಿತು. ತೋಟಾ ಇಲ್ಲದ ಬಂದೂಕು ಹೆಗಲಿಗೆ ಹಾಕಿಕೊಂಡು ಊರ ಮುಂದೆ ಹಾದು ಹೋದರೆ ನಾಳೆ ಕಟ್ಟೆಯ ಮೇಲಿನವರಿಗೆ ಒಂದು ವರ್ಷಕ್ಕಾಗುವಷ್ಟು ನಗು. ಹಿತ್ತಲಿಗೆ ಹೋಗಿ ಅತ್ತೆಗೆ ಹೇಳುವಾಗಲೂ ಕೊಂಕಿನಲ್ಲೇ ಹೇಳಿದೆ, ನಿಮ್ಮ ಮಗ ಬರಿ ಬಂದೂಕು ಹೊತ್ತುಕೊಂಡು ಯುದ್ಧಕ್ಕೆ ಹೋದರು ಅಂತ.

ಅತ್ತೆಯ ಕೈಯಲ್ಲಿದ್ದ ಬಿಂದಿಗೆ ಕೆಳಗೆ ಬಿತ್ತು.

"ಬರೇದಲ್ಲವ್ವಾ ಅದು. ನಾನು ಉಡಿ ತುಂಬೀನಿ."

ತಮ್ಮ ಗಂಡನ ಕಣ್ಣಿಗೆ ಕತ್ತಿ ಬೀಳುವ ವಾರ, ಪೂಜೆಯ ದಿನ ದೇವಿಯೇ ಆದ ಬಂದೂಕನ್ನು ಬರಿ ಉಡಿಯಲ್ಲಿ ಕೂಡಿಸಲು ಅವರಿಗೆ ಧೈರ್ಯ ಸಾಲಲಿಲ್ಲವಂತೆ. ಮಗ ಗದ್ದೆಗೆ ಹೋದ ಮೇಲೆ, ಮಾವ ಮಾಡುವುದನ್ನು ನೋಡಿ ನೋಡಿ ಕಲಿತಿದ್ದ ಹಾಗೆ, ತಾವೇ ತೋಟಾ ತೊಳೆದು, ಅರಿಷಿಣ ಕುಂಕುಮ ಹಚ್ಚಿ, ನಳಿಗೆಯೊಳಗೆ ಇಟ್ಟಿದ್ದರು. ಮಾರನೆಯ ದಿನ ತೆಗೆಯುವವರು ಬಳ್ಳಾರಿಯಲ್ಲಿ ಕಣ್ಣು ಕಟ್ಟಿಕೊಂಡು ಮಲಗಿದ್ದರು. ಇಡುವುದಷ್ಟೇ ಅತ್ತೆಗೆ ನೆನಪಿತ್ತು, ತೆಗೆಯುವುದು ಎಂದೂ ಅವರ ಕೆಲಸವಾಗಿರಲಿಲ್ಲ.

ನಾನು ಓಡಿದೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ದಾರಿ ಬಿಟ್ಟು, ಗದ್ದೆಯ ಬದುಗಳ ಮೇಲೆ ಬಿದ್ದು ಎದ್ದು ಓಡಿದೆ. ಆ ದೇವಿಯನ್ನು ಬೈದೆ, ಅತ್ತೆಯನ್ನು ಬೈದೆ, ಕೆಸರಿಗೆ ಬಿದ್ದು ಮೈ ತೊಳೆದುಕೊಳ್ಳುವುದು ಬಿಟ್ಟು ಮರ್ಯಾದೆ ತೊಳೆಯಲು ಹೋದ ಗಂಡನನ್ನಂತೂ ಬಾಯಿಗೆ ಬಂದಂತೆ ಬೈದೆ. ಒಳಗೆ ಮಾತ್ರ ಒಂದೇ ಹೆದರಿಕೆ. ಬರಿದು ಅಂತ ನನ್ನ ಗಂಡ ತಿಳಿದಿದ್ದಾನೆ, ಬರಿದು ಅಂತ ಗಾಳೆಪ್ಪನೂ ತಿಳಿದಿದ್ದಾನೆ. ಒಬ್ಬ ಹೆದರಿಸಲು ಎತ್ತುತ್ತಾನೆ, ಇನ್ನೊಬ್ಬ ಹೆದರದೆ ಎದೆ ಕೊಡುತ್ತಾನೆ. ಇಬ್ಬರಲ್ಲಿ ಯಾರಿಗಾದರೂ ಅನುಮಾನವಿದ್ದರೆ ಸಾಕಿತ್ತು.

ದೂರದಿಂದಲೇ ಕಂಡಿತು. ತೂಬಿನ ಈಚೆ ನನ್ನ ಗಂಡ, ಆಚೆ ಗಾಳೆಪ್ಪ, ನಡುವೆ ಕಾಲುವೆ. ಬಂದೂಕಿನ ಬಾಯಿ ಗಾಳೆಪ್ಪನ ಎದೆಗೆ ನೇರವಾಗಿತ್ತು. ಗಾಳೆಪ್ಪ ಎರಡೂ ಕೈ ಸೊಂಟದ ಮೇಲಿಟ್ಟು ನಗುತ್ತಿದ್ದ. ಕೂಗಿದೆ. ನನ್ನ ಕೂಗು ಎದುರುಗಾಳಿಗೆ ನನ್ನ ಮುಖಕ್ಕೇ ಬಂತು. ಆಗ ನನ್ನ ಗಂಡನ ಹೆಗಲು ಒಮ್ಮೆ ಅಲುಗಿತು, ಕಳೆ ಕೀಳುವ ಹೆಂಗಸರೆಲ್ಲ ಘೊಳ್ಳೆಂದು ನಕ್ಕರು. ಯಾಕೆ ನಕ್ಕರೋ ನನಗೆ ತಿಳಿಯಲಿಲ್ಲ. ಹತ್ತಿರ ಹೋದಂತೆ ಗಾಳೆಪ್ಪನ ಮಾತು ಕೇಳಿಸಿತು.

"ಇನ್ನೊಮ್ಮಿ ಒತ್ತು ಬಸಣ್ಣ. ನಿಮ್ಮವ್ವ ಉಣ್ಣಾಕ ಕರಿಯೋ ತನಕ ಒತ್ತು."

ನನ್ನ ಗಂಡನ ಮುಖ ಕೆಂಪಗೆ ಉರಿಯುತ್ತಿತ್ತು. ಬಂದೂಕನ್ನು ಇಳಿಸಿ, ಮೇಲಿನ ಕೊಕ್ಕೆ ಹಿಂದಕ್ಕೆಳೆದು ಮತ್ತೆ ಸಜ್ಜು ಮಾಡಿ ಎತ್ತುತ್ತಿದ್ದ. ನಾನು ಕಾಲುವೆಗೆ ಇಳಿದು, ನೀರಿನಲ್ಲೇ ನಿಂತು, ಇಬ್ಬರ ನಡುವೆ ಬಂದೆ. ಈಗ ಬಂದೂಕಿನ ಬಾಯಿ ನನಗೆ ನೇರವಾಯಿತು. ತುಂಬಿದೆ, ಕೆಳಗಿಡಿ ಅಂದೆ. ಅವನು ನಂಬಲಿಲ್ಲ. ಅವ್ವ ಕಳಿಸಿದಳೇನು, ಇದೂ ಅಡಿಗೆಮನೆಯ ಆಟವೇನು ಅಂತ ಹಲ್ಲು ಕಡಿದ. ಹಿಂದಿನಿಂದ ಗಾಳೆಪ್ಪ ಮತ್ತೆ ನಕ್ಕ. ನನ್ನ ಗಂಡನ ಬೆರಳು ಬಂದೂಕಿನ ಕುದುರೆಯ ಮೇಲೇ ಇತ್ತು. ಆ ಬೆರಳನ್ನು ಬಿಟ್ಟು ನನಗೆ ಬೇರೇನೂ ಕಾಣುತ್ತಿರಲಿಲ್ಲ. ದೊಡ್ಡ ದನಿ ಬರಲಿಲ್ಲ, ಬಂದಷ್ಟರಲ್ಲಿ ಹೇಳಿದೆ.

"ಅತ್ತಿ ಅದರ ಉಡಿ ತುಂಬ್ಯಾರ್ರಿ."

ತುಂಬಿದೆ ಅಂದಾಗ ನಂಬದವನು ಇದನ್ನು ನಂಬಿದ. ತನ್ನ ತಾಯಿ ಏನು ಎಂಬುದು ಅವನಿಗೆ ಗೊತ್ತಿತ್ತು. ಬೆರಳು ತಾನಾಗಿ ಸಡಿಲಾಯಿತು. ಬಂದೂಕಿನ ಬಾಯಿಯನ್ನು ನೀರಿನ ಕಡೆ ಇಳಿಸಿ, ಅದರ ನಡು ಮುರಿದು ತೆರೆದ. ನಳಿಗೆಯ ಬುಡದಲ್ಲಿ ತೋಟಾ ಕೂತಿತ್ತು. ಹಿತ್ತಾಳೆಯ ಮೇಲೆ ಅರಿಷಿಣ, ಅದರ ಮೇಲೆ ಕುಂಕುಮ, ಒಂದು ಅಕ್ಕಿಕಾಳು ಅಂಟಿಕೊಂಡು ಹಾಗೇ ಇತ್ತು. ಅವನು ಅದನ್ನು ಎಳೆದು ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಕುಂಕುಮ ಒರೆಸಿದ.

ಬುಡದ ನಡುವೆ ಇರುವ, ಮದ್ದಿಗೆ ಕಿಡಿ ಹೊತ್ತಿಸುವ ತಾಮ್ರದ ಕೇಪಿನ ಮೇಲೆ ಒಂದು ಕುಳಿ ಬಿದ್ದಿತ್ತು. ಬಂದೂಕಿನ ಸೂಜಿ ಹೊಡೆದ ಕುಳಿ.

ಆಗ ನನಗೆ ಆ ಹೆಂಗಸರು ಯಾಕೆ ನಕ್ಕರು ಅಂತ ತಿಳಿಯಿತು. ನಾನು ಕಾಲುವೆ ಮುಟ್ಟುವ ಮೊದಲೇ, ಹೆಗಲು ಅಲುಗಿದಾಗಲೇ, ಅವನು ಒಮ್ಮೆ ಕುದುರೆ ಎಳೆದಿದ್ದ. ಟಕ್ ಅಂದದ್ದಕ್ಕೆ ಎಲ್ಲರೂ ನಕ್ಕಿದ್ದರು. ನಾನು ಬದುವಿನ ಮೇಲೆ ಬಿದ್ದು ಎದ್ದು ಓಡಿದ್ದು ಯಾರನ್ನೂ ಉಳಿಸಿರಲಿಲ್ಲ. ತೋಟಾ ಹಾರಬೇಕಾದ ಹೊತ್ತಿನಲ್ಲಿ ಹಾರಿರಲಿಲ್ಲ, ಅಷ್ಟೇ.

ಗಾಳೆಪ್ಪ ಕಾಲುವೆ ದಾಟಿ ಬಂದು ನನ್ನ ಗಂಡನ ಅಂಗೈಯನ್ನು ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಬದುವಿನ ಮೇಲೆ ಕೂತುಬಿಟ್ಟ.

"ಒತ್ತು ಅಂದಾವ ನಾನಾ," ಅಂದ.

ನನ್ನ ಗಂಡ ಅವನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು, ಕೆಸರು ಮೆತ್ತಿದ ತೋಳಿನಿಂದ ಮುಖ ಮುಚ್ಚಿಕೊಂಡು ಅತ್ತ. ಗಂಡಸರು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ನನಗೆ ಕನಿಕರ ಬರಲಿಲ್ಲ. ಬಂದೂಕನ್ನು ಅವನ ಮಡಿಲಿನಿಂದ ಎತ್ತಿಕೊಂಡು, ತೋಟಾವನ್ನು ಸೆರಗಿನ ಗಂಟಿಗೆ ಕಟ್ಟಿಕೊಂಡು, ಮನೆಯ ದಾರಿ ಹಿಡಿದೆ. ಅವತ್ತು ನೀರು ಯಾರ ಗದ್ದೆಗೆ ಹೋಯಿತೋ ಯಾರೂ ನೋಡಲಿಲ್ಲ.

ಅತ್ತೆ ಹೊಸ್ತಿಲಲ್ಲೇ ಕೂತಿದ್ದರು. ಎಲ್ಲ ಕೇಳಿ, ದೇವಿ ಕೈ ಹಿಡಿದಳು ಅಂದರು. ನನಗೆ ಉರಿದುಹೋಯಿತು. ತೋಟಾ ತೊಳೆಯುವಾಗ ನಿಮ್ಮ ಕೈಯಿಂದ ನಾಲ್ಕು ಹನಿ ಹೆಚ್ಚು ಬಿತ್ತು, ಕೇಪು ಥಂಡಿ ಹಿಡಿಯಿತು, ಇಲ್ಲದಿದ್ದರೆ ಇಷ್ಟು ಹೊತ್ತಿಗೆ ಜಡೆಮ್ಮ ಬಳೆ ಒಡೆದುಕೊಂಡು ಕೂತಿರುತ್ತಿದ್ದಳು ಅಂದೆ. ಜಡೆಮ್ಮ ಗಾಳೆಪ್ಪನ ಹೆಂಡತಿ. ಮದುವೆಯಾಗಿ ಬಂದ ಮೇಲೆ ಅತ್ತೆಗೆ ನಾನು ಎದುರಾಡಿದ್ದು ಅದೇ ಮೊದಲು. ಅವರು ಸೊಂಟದ ಬೀಗದ ಕೈಯನ್ನು ಹಿಡಿದುಕೊಂಡು ಹಾಗೇ ಕೂತರು.

ಮರುದಿನ ಬೆಳಿಗ್ಗೆ ಜಡೆಮ್ಮ ತಾನೇ ಬಂದಳು. ಕಟ್ಟೆಯ ಕೆಳಗೆ ನಿಂತು, ಅದನ್ನು ತೋರಿಸಿ ಅಂದಳು. ನಾನು ತೋಟಾ ತಂದು ಅವಳ ಅಂಗೈ ಮೇಲಿಟ್ಟೆ. ಅವಳು ಆ ಕುಳಿಯೊಳಗೆ ಉಗುರಿಟ್ಟು ನೋಡಿದಳು. ಬೈಯುತ್ತಾಳೆ, ಮಣ್ಣು ತೂರುತ್ತಾಳೆ, ಪೊಲೀಸರಿಗೆ ಹೇಳುತ್ತಾಳೆ ಅಂತ ಕಾದೆ. ಒಳಗೆ ನನ್ನ ಗಂಡ ಬಾಗಿಲ ಮರೆಗೆ ನಿಂತಿದ್ದ. ಅವಳು ತೋಟಾವನ್ನು ಕಟ್ಟೆಯ ಮೇಲಿಟ್ಟು ಅತ್ತೆಯ ಕಡೆ ತಿರುಗಿದಳು.

"ಅಮ್ಮಾರ, ಇನ್ನ ಮ್ಯಾಲೆ ಆ ಚಾವಿ ನನ್ನ ಕಡಿ ಇರ್ಲಿ."

ಅತ್ತೆ ಅವಳನ್ನು ನೋಡಿದರು. ಆ ಬೀಗದ ಕೈಯನ್ನು ಸ್ವಂತ ಮಗನಿಗೆ ಕೊಟ್ಟವರಲ್ಲ, ನನಗೂ ಕೊಟ್ಟವರಲ್ಲ. ಸೊಂಟದಿಂದ ಬಿಚ್ಚುವಾಗ ದಾರ ಸಿಕ್ಕಾಯಿತು, ನಾನೇ ಬಿಡಿಸಿಕೊಟ್ಟೆ. ಜಡೆಮ್ಮ ಅದನ್ನು ತಾಳಿಯ ಜೊತೆ ಕೊರಳಿಗೆ ಕಟ್ಟಿಕೊಂಡು ಹೋದಳು.

ಮಾವ ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಬಳ್ಳಾರಿಯಿಂದ ಬಂದವರು ಎಲ್ಲ ಕೇಳಿ, ಸರಿಯಾಯಿತು ಅಂದರು. ಕೆಟ್ಟ ತೋಟಾವನ್ನು ಸಿರುಗುಪ್ಪ ಠಾಣೆಗೆ ಒಪ್ಪಿಸಿ ಬಂದರು. ಉಡಿ ತುಂಬುವುದು ಅಲ್ಲಿಗೆ ನಿಂತಿತು. ಅದಾದ ಮೇಲೆ ಆಯುಧ ಪೂಜೆಗೆ ಬಂದೂಕು ನಡು ಮುರಿದುಕೊಂಡೇ ಕೂಡುತ್ತಿತ್ತು, ಮನೆಯವರೆಲ್ಲ ಒಬ್ಬೊಬ್ಬರಾಗಿ ನಳಿಗೆಯೊಳಗೆ ಕಣ್ಣಿಟ್ಟು ಬೆಳಕು ಕಂಡ ಮೇಲೆಯೇ ಕುಂಕುಮ.

ಬೇಸಿಗೆ ಬೆಳೆಗೆ ಹಂದಿಗಳು ಬಂದವು. ಮೂಲೆಯ ಗದ್ದೆ ಅರ್ಧ ಹೊರಳಿಹೋಗಿದೆ ಅಂತ ಕೇಳಿದರೂ ನನ್ನ ಗಂಡ ಬೆಳಗಿನಿಂದ ಮನೆಯಲ್ಲೇ ಸುತ್ತಾಡುತ್ತಿದ್ದ. ಕೊನೆಗೆ ಚಪ್ಪಲಿ ಮೆಟ್ಟಿ ಗಾಳೆಪ್ಪನ ಮನೆ ಕಡೆ ಹೊರಟ. ನನಗೆ ಮನಸ್ಸು ತಡೆಯದೆ ಹಿಂದೆಯೇ ಹೋದೆ. ಅವರ ಅಂಗಳದಲ್ಲಿ ಗಾಳೆಪ್ಪ ಹಗ್ಗ ಹೊಸೆಯುತ್ತಿದ್ದ, ತಲೆ ಎತ್ತಲಿಲ್ಲ. ಜಡೆಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. ನನ್ನ ಗಂಡ ನೆಲ ನೋಡುತ್ತ, ಚಾವಿ ಬೇಕಿತ್ತು ಅಂದ.

"ಯಾತಕ್ರಿ?"

"ಹಂದಿಗವ್ವಾ."

"ಉಂಡೀರೇನು?"

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ನಮ್ಮ ಮನೆಯವರು ಯಾವ ತಲೆಮಾರಿನಲ್ಲೂ ಅವರ ಮನೆಯಲ್ಲಿ ಒಂದು ಗುಟುಕು ನೀರು ಕುಡಿದವರಲ್ಲ, ಅದು ಅವಳಿಗೂ ಗೊತ್ತಿತ್ತು. ಒಳಗೆ ಹೋದಳು. ತಟ್ಟೆಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ ತಂದು ಅವನ ಮುಂದೆ ನೆಲದ ಮೇಲಿಟ್ಟಳು. ಚಾವಿ ಅವಳ ಕೊರಳಲ್ಲೇ ಇತ್ತು.

ನನ್ನ ಗಂಡ ಚಪ್ಪಲಿ ಬಿಟ್ಟು ಕೂತ. ಗಾಳೆಪ್ಪ ಹಗ್ಗ ಪಕ್ಕಕ್ಕಿಟ್ಟು ಕೈತೊಳೆಯಲು ಅವನಿಗೆ ನೀರು ಹಾಕಿದ. ಅವನು ರೊಟ್ಟಿ ಮುರಿದ, ಪಲ್ಯ ಹಚ್ಚಿದ, ಬಾಯಿಗಿಟ್ಟ. ಗಂಟಲಿನಲ್ಲಿ ತುತ್ತು ಇಳಿಯುವುದನ್ನು ಜಡೆಮ್ಮ ನಿಂತು ನೋಡಿದಳು. ಆಮೇಲೆ ಕೊರಳಿಗೆ ಕೈ ಹಾಕಿ ದಾರ ಬಿಚ್ಚತೊಡಗಿದಳು.