ಎಕ್ಸ್‌ಪ್ರೆಸ್ ಬರುವವರೆಗೆ

"ಒಂದು, ಎರಡು, ಮೂರು... ಎತ್ತಿ!" ಎಂದು ಗೋಲಿ ಕೂಗಿದ. ಆರು ಜನ ಒಟ್ಟಿಗೇ ಕಟಿಂಗ್ ಟೇಬಲನ್ನು ಹೆಗಲಿಗೇರಿಸಿದರು. ಟೇಬಲ್ಲಿನ ಮೇಲಿದ್ದ ಹೊಲಿಗೆ ಯಂತ್ರ ಒಮ್ಮೆ ಓಲಾಡಿತು, ಎಲ್ಲರೂ ಉಸಿರು ಬಿಗಿಹಿಡಿದರು, ಅದು ಮತ್ತೆ ನೆಟ್ಟಗೆ ನಿಂತಿತು.

ಟೇಪಮ್ಮನ ಮಗಳು ಒಳಗಿನಿಂದ ಓಡಿ ಬಂದಳು. "ಅಯ್ಯೋ, ಮಿಷನ್ ಯಾಕ್ರೋ ಇಟ್ಟಿದ್ದೀರಿ ಅದರ ಮೇಲೆ?"

"ತೂಕಕ್ಕೆ. ಖಾಲಿ ಟೇಬಲ್ ಎತ್ತಿ ಪ್ರಾಕ್ಟೀಸ್ ಮಾಡಿದ್ರೆ ಮ್ಯಾಚ್ ದಿನ ಕೈ ಕೊಡುತ್ತೆ. ಟೇಪಮ್ಮನೇ ಹೇಳಿದ್ದು," ಎಂದ ಗೋಲಿ. ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಅವನು, ಬಾಗಿಲಿಗೆ ಅಡ್ಡ ನಿಂತರೆ ಬೆಳಕೇ ಬರದಂಥ ಆಳು.

ಟೇಪಮ್ಮ ಒಳಗೆ ಪೆಟ್ಟಿಗೆಯಲ್ಲಿ ಮಲಗಿದ್ದಳು. ದರ್ಜಿ, ಅರವತ್ತಾರು ವರ್ಷ, ನಿನ್ನೆ ಬೆಳಿಗ್ಗೆ ತೀರಿಕೊಂಡಿದ್ದಳು. ಸದಾ ಕೊರಳಲ್ಲಿ ಅಳತೆ ಟೇಪು ನೇತಾಡುತ್ತಿದ್ದುದರಿಂದ ಬಂದ ಹೆಸರು ಅದು. ಸೂಟು, ಸಮವಸ್ತ್ರ ಹೊಲಿದದ್ದು ಹೊಟ್ಟೆಪಾಡಿಗೆ. ಬಾಕಿ ಹೊತ್ತೆಲ್ಲ ಕ್ರೀಡಾ ಸಂಘಕ್ಕೆ. ಸಂಘದವರಿಗೆ ಸರ್ಕಾರಿ ಕಾಗದಗಳಲ್ಲಿ 'ಬೌದ್ಧಿಕ ವಿಕಲಚೇತನರು' ಎಂಬ ಉದ್ದನೆಯ ಹೆಸರಿತ್ತು. ಟೇಪಮ್ಮ ಮಾತ್ರ ಆಟಗಾರರು ಎನ್ನುತ್ತಿದ್ದಳು, ಅಷ್ಟೇ.

"ಹನ್ನೆರಡೂವರೆ," ಎಂದರು ದೊಡ್ಡಮಾವ. ಯಾರೂ ಅವರನ್ನು ಕೇಳಿರಲಿಲ್ಲ. ಟೇಪಮ್ಮನ ಅಣ್ಣ, ನಿವೃತ್ತ ಸ್ಟೇಷನ್ ಮಾಸ್ಟರ್. ಎಪ್ಪತ್ತನಾಲ್ಕರಲ್ಲೂ ಜೇಬಿನ ಗಡಿಯಾರ ನೋಡದೆ ಒಂದು ಮಾತಾಡಿದವರಲ್ಲ. "ಮೂರಕ್ಕೆ ಇಲ್ಲಿಂದ ಹೊರಡೋದು. ನಾಲ್ಕಕ್ಕೆ ಮಣ್ಣು. ಅಲ್ಲಿ ಐದಕ್ಕೆ ಬೇರೆಯವರು ಬರ್ತಾರೆ. ಒಂದು ನಿಮಿಷ ಆಚೀಚೆ ಆಗಬಾರದು."

"ಆಯ್ತು ದೊಡ್ಡಮಾವ," ಎಂದಳು ಮಗಳು. ಆದರೆ ಹೋದ ವಾರ ಆಸ್ಪತ್ರೆಯಲ್ಲಿ ಅಮ್ಮ ಅವಳ ಮಣಿಕಟ್ಟು ಹಿಡಿದು ಒಂದೇ ಒಂದು ಮಾತು ತೆಗೆದುಕೊಂಡಿದ್ದಳು. "ಎಕ್ಸ್‌ಪ್ರೆಸ್ ಬರೋವರೆಗೂ ಮುಗಿಸಬೇಡ ಕಣೇ. ಏನೇ ಆಗಲಿ." ಮಗಳು ಹೂಂ ಎಂದಿದ್ದಳು. ಔಷಧಿ ಅಂಗಡಿ ನಡೆಸುವವಳು, ಕೊಟ್ಟ ಮಾತಿಗೂ ಕೊಟ್ಟ ಮಾತ್ರೆಗೂ ಎರಡು ಸಲ ಲೆಕ್ಕ ನೋಡುವವಳು.

ಎಕ್ಸ್‌ಪ್ರೆಸ್ ಎಂದರೆ ಟೇಪಮ್ಮನ ತಮ್ಮ. ಅರವತ್ತು ವರ್ಷ. ಈ ಊರಲ್ಲಿ ಅವನಿಗಿಂತ ನಿಧಾನ ನಡೆಯುವವರು ಇನ್ನೂ ಹುಟ್ಟಿಲ್ಲ. ಆ ಹೆಸರಿಟ್ಟದ್ದು ದೊಡ್ಡಮಾವ, ಯಾವುದೋ ಕಾಲದಲ್ಲಿ, ಗೇಲಿಗೆ. ಅವನು ಅದನ್ನು ಬಿರುದೆಂದೇ ತಿಳಿದು ಅಂಗಿಯ ಬೆನ್ನ ಮೇಲೆ ಹೊಲಿಸಿಕೊಂಡಿದ್ದ.

*

ನಲವತ್ತೆರಡು ವರ್ಷಗಳ ಹಿಂದಿನ ಮಾತು. ರೈಲ್ವೆ ಕಾಲೊನಿಯ ವಾರ್ಷಿಕ ಕ್ರೀಡಾಕೂಟ. ಹದಿನೆಂಟು ವರ್ಷದ ತಮ್ಮ ಮೈದಾನದ ಎರಡು ಸುತ್ತಿನ ಓಟಕ್ಕೆ ನಿಂತಿದ್ದ. ಅಕ್ಕ ಬಾಕಿ ಕೆಲಸ ಬಿಟ್ಟು, ಕೊರಳ ಟೇಪನ್ನೂ ತೆಗೆಯದೆ ಬಂದಿದ್ದಳು.

ಉಳಿದವರು ಎರಡು ಸುತ್ತು ಮುಗಿಸಿದಾಗ ಅವನು ಅರ್ಧ ಸುತ್ತು ಮುಗಿಸಿದ್ದ. ಜನ ಮೊದಲು ಚಪ್ಪಾಳೆ ಹೊಡೆದರು, ಆಮೇಲೆ ನಕ್ಕರು, ಆಮೇಲೆ ಎದ್ದು ಚಹಾ ಕುಡಿಯಲು ಹೋದರು. ಕುರ್ಚಿಗಳನ್ನು ಮಡಚಿದರು. ಗಡಿಯಾರ ಹಿಡಿದು ಸಮಯ ನೋಡುತ್ತಿದ್ದವರು "ಮುಗೀತು" ಎಂದು ಕೊನೆಯ ಗೆರೆಯ ಟೇಪನ್ನು ಸುತ್ತಿ ಡಬ್ಬಿಗೆ ಹಾಕಿಬಿಟ್ಟರು.

ಅವನು ಬಂದ. ಟೇಪು ಇಲ್ಲ. ಟೇಪು ಸಿಗುವವರೆಗೆ ಓಡಬೇಕು ಎಂದು ಅವನಿಗೆ ಹೇಳಿಕೊಟ್ಟಿದ್ದರು. ಓಡಿದ. ಗೆರೆ ದಾಟಿದ, ಚಹಾದ ಮೇಜು ದಾಟಿದ, ಎಲ್ಲರ ಮುಖ ನೋಡುತ್ತ ಮೈದಾನದ ಗೇಟಿನ ಕಡೆ ಓಡಿದ. ಅದರಾಚೆ ದೊಡ್ಡ ರಸ್ತೆ, ಲಾರಿಗಳು.

ಅಕ್ಕ ಒಂದೇ ಉಸಿರಿಗೆ ಓಡಿ ಗೇಟು ತಲುಪಿದಳು. ಕೊರಳ ಅಳತೆ ಟೇಪನ್ನು ಕಿತ್ತು ಒಂದು ತುದಿ ಕಂಬಕ್ಕೆ ಸಿಕ್ಕಿಸಿ, ಇನ್ನೊಂದನ್ನು ಎಡಗೈಯಲ್ಲಿ ಎಳೆದು ಹಿಡಿದು ಕಿರುಚಿದಳು, "ಬಾ ಬಾ, ಟೇಪು ಇಲ್ಲೇ ಇದೆ!"

ಎದೆಗೆ ಟೇಪು ತಾಕಿತು. ಅವನು ನಿಂತ. ಎರಡೂ ಕೈ ಮೇಲೆತ್ತಿ ಆಕಾಶ ನೋಡಿ ನಕ್ಕ.

ಮರುವಾರವೇ ಅವಳು ಅಂಗಡಿಯ ಹಿಂದಿನ ಬಯಲಿನಲ್ಲಿ ನಾಲ್ಕು ಮಕ್ಕಳನ್ನು ಸೇರಿಸಿ ಸಂಘ ಶುರು ಮಾಡಿದಳು. ಓಟದ ಟೇಪನ್ನು ತಾನೇ ಹೊಲಿದಳು. ಎರಡು ತುಂಡು ಬಿಳಿ ಪಟ್ಟಿ, ನಡುವೆ ಮಕ್ಕಳ ಅಂಗಿಗೆ ಹಾಕುವ ಟಿಚ್ ಬಟನ್. ಎದೆ ತಾಕಿದರೆ ಟಪ್ ಎಂದು ಬಿಡುತ್ತದೆ, ಒತ್ತಿದರೆ ಮತ್ತೆ ಕೂರುತ್ತದೆ. ಮೊದಲು ಬಂದವರಿಗೆ ಪದಕ, ಟೇಪು ಮಾತ್ರ ಪ್ರತಿಯೊಬ್ಬರಿಗೂ. ಕೊನೆಯವರು ಟೇಪು ಹರಿಯುವವರೆಗೆ ಯಾರೂ ಮೈದಾನ ಬಿಡುವ ಹಾಗಿಲ್ಲ. ಜಿಲ್ಲಾಧಿಕಾರಿ ಬಂದರೂ ಅಷ್ಟೇ. ಒಮ್ಮೆ ಬಂದಿದ್ದ ಜಿಲ್ಲಾಧಿಕಾರಿ ಎಕ್ಸ್‌ಪ್ರೆಸ್ಸಿಗಾಗಿ ಐವತ್ತು ನಿಮಿಷ ಬಿಸಿಲಲ್ಲಿ ನಿಂತು, ಟೋಪಿ ಕೊಂಡುಕೊಂಡು ಹೋದರು.

*

ಮೂರು ಗಂಟೆಗೆ ಸರಿಯಾಗಿ ಪೆಟ್ಟಿಗೆ ಹೊತ್ತ ವ್ಯಾನು ಹೊರಟಿತು. ಸಂಘದ ಮೂವತ್ತು ಜನ ಅಂಗಿಗೆ ನಂಬರು ಚುಚ್ಚಿಕೊಂಡು ಹಿಂದೆ ನಡೆದರು. ಚಾಂಪಿಯನ್ ಎಂದು ಕರೆಸಿಕೊಳ್ಳುವ ಹುಡುಗಿ ತನ್ನ ನಲವತ್ತೊಂದು ಪದಕಗಳನ್ನೂ ಕೊರಳಿಗೆ ಹಾಕಿಕೊಂಡಿದ್ದಳು. ಹೆಜ್ಜೆಗೊಮ್ಮೆ ಪಾತ್ರೆ ಅಂಗಡಿ ಕುಲುಕಿದ ಸದ್ದು.

"ಸಾವಿನ ಮನೆಗೆ ಇದೆಲ್ಲ ಬೇಕಿತ್ತಾ?" ಎಂದರು ಪಕ್ಕದ ಬೇಕರಿಯಾಕೆ ಮೆಲ್ಲಗೆ.

"ಟೇಪಮ್ಮ ನನ್ನ ಪದಕ ನೋಡದೆ ಎಲ್ಲಿಗೂ ಹೋಗಲ್ಲ," ಎಂದಳು ಚಾಂಪಿಯನ್ ಗಟ್ಟಿಯಾಗಿ. ಸ್ವಲ್ಪ ದೂರ ಹೋದಮೇಲೆ ಬೇಕರಿಯಾಕೆಯೇ ಹುಡುಗಿಯ ಕೈ ಹಿಡಿದುಕೊಂಡು ನಡೆದರು.

ಎಕ್ಸ್‌ಪ್ರೆಸ್ ಇನ್ನೂ ಮನೆಯ ಗೇಟಿನಲ್ಲೇ ಇದ್ದ. ಇಸ್ತ್ರಿ ಮಾಡಿದ ಅಂಗಿ, ಓಟದ ಶೂ, ಕೊರಳಲ್ಲಿ ಸೀಟಿ.

"ಗಾಡಿ ಹತ್ತು ಮಾವ, ಎರಡು ಕಿಲೋಮೀಟರ್ ಇದೆ," ಎಂದಳು ಮಗಳು.

"ಗಾಡಿ ಹತ್ತಿದ್ರೆ ಔಟ್."

"ಇದು ಓಟ ಅಲ್ಲ ಮಾವ."

"ಎಲ್ಲರೂ ನಂಬರ್ ಹಾಕ್ಕೊಂಡಿದ್ದಾರೆ," ಎಂದ ಅವನು, ಇವಳಿಗೆ ಕಣ್ಣು ಕಾಣುವುದಿಲ್ಲವೇ ಎಂಬಂತೆ. ಗಾಡಿ ಹತ್ತಿದರೆ ಔಟ್ ಎಂಬುದು ಸಂಘದ ಮೊದಲನೇ ನಿಯಮ. ಹಿಂದೊಮ್ಮೆ ಊರು ಸುತ್ತುವ ಓಟದಲ್ಲಿ ಗೋಲಿ ಬಸ್ಸು ಹತ್ತಿ ಇಪ್ಪತ್ತು ನಿಮಿಷ ಮೊದಲೇ ಬಂದು, ಟಿಕೆಟ್ಟನ್ನು ಹೆಮ್ಮೆಯಿಂದ ಟೇಪಮ್ಮನ ಕೈಗೇ ಕೊಟ್ಟಿದ್ದ. ಅವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಮಾರನೆಯ ದಿನ ಆ ನಿಯಮ ಬರೆದಿದ್ದಳು.

ಸಂಘದ ಕೋಚ್ ಹುಡುಗಿ ತಾನು ಜೊತೆಗಿರುತ್ತೇನೆಂದಳು. ಮಗಳು ಅವರಿಬ್ಬರನ್ನು ಬಿಟ್ಟು ಹೊರಟಳು.

ನಾಲ್ಕಕ್ಕೆ ಎಲ್ಲರೂ ಸ್ಮಶಾನದ ಗೇಟಿನಲ್ಲಿದ್ದರು. ಗುಂಡಿ ಸಿದ್ಧವಾಗಿತ್ತು. ಎಕ್ಸ್‌ಪ್ರೆಸ್ ಒಬ್ಬನಿಲ್ಲ. ಮಗಳು ಫೋನ್ ಮಾಡಿದಳು.

"ಪೋಸ್ಟ್ ಆಫೀಸ್ ಹತ್ರ ಇದ್ದೀವಿ," ಎಂದಳು ಕೋಚ್. "ಶೂ ಲೇಸ್ ಬಿಚ್ಚಿತು. ತಾನೇ ಕಟ್ಟಿಕೊಳ್ಳಬೇಕಂತೆ."

ದೊಡ್ಡಮಾವ ತಮ್ಮ ಕಾರನ್ನು ಅಟ್ಟಿದರು. ಹತ್ತು ನಿಮಿಷದಲ್ಲಿ ಅದು ಖಾಲಿ ವಾಪಸು ಬಂತು. "ಜಪ್ಪಯ್ಯ ಅಂದ್ರೂ ಹತ್ತಲಿಲ್ಲ ಸಾರ್," ಎಂದ ಡ್ರೈವರ್. "ಸೀಟಿ ಊದಿ ನನ್ನನ್ನೇ ಓಡಿಸಿದ್ರು."

ದೊಡ್ಡಮಾವನ ಮುಖ ಕೆಂಪಾಯಿತು. "ನಾಲ್ಕು ಇಪ್ಪತ್ತೆರಡು! ಸಾಕು. ಒಳಗೆ ತಗೊಂಡು ಹೋಗಿ. ಅವನು ಬಂದಾಗ ಬರಲಿ, ಗುಂಡಿ ತೋರಿಸೋಣ."

ಗೋಲಿ ಮಗಳ ಮುಖ ನೋಡಿದ. ಚಾಂಪಿಯನ್ ನೋಡಿದಳು. ಮೂವತ್ತು ಜನ ಅವಳನ್ನೇ ನೋಡಿದರು. ಗುಂಡಿ ತೋಡುವವ ಸಲಿಕೆಗೆ ಗಲ್ಲ ಊರಿ ನಿಂತು, "ಐದಕ್ಕೆ ಇನ್ನೊಂದು ಪೆಟ್ಟಿಗೆ ಬರುತ್ತೆ ತಾಯಿ. ಅವರೂ ಅಳ್ತಾ ಬರೋರು. ಕಾಯಿಸೋಕಾಗಲ್ಲ," ಎಂದ. ಅವನದೂ ತಪ್ಪಲ್ಲ. ಮಗಳಿಗೆ ಒಂದು ಕ್ಷಣ ಅಮ್ಮನ ಮೇಲೆಯೇ ಸಿಟ್ಟು ಬಂತು. ಹೀಗೆ ಮಾತು ತೆಗೆದುಕೊಂಡು ತಾನು ಹಾಯಾಗಿ ಮಲಗಿಬಿಟ್ಟಳಲ್ಲ!

"ಕಾಯೋಣ ದೊಡ್ಡಮಾವ."

"ನಲವತ್ತು ವರ್ಷ ಒಂದು ರೈಲನ್ನೂ ಯಾರಿಗೋಸ್ಕರವೂ ನಿಲ್ಲಿಸಿದವನಲ್ಲ ನಾನು!"

"ಅಮ್ಮ ನಿಲ್ಲಿಸ್ತಿದ್ಲು," ಎಂದಳು ಮಗಳು. "ಅವನಿಗೋಸ್ಕರ ಪ್ರತಿ ಭಾನುವಾರ ನಿಲ್ಲಿಸ್ತಿದ್ಲು. ಇವತ್ತೊಂದು ದಿನ ಅವನನ್ನ ಬಿಟ್ಟು ಮುಗಿಸಿದ್ರೆ ನಾನು ಅವಳಿಗೆ ಏನಂತ ಹೇಳಲಿ? ಅವನಿಗೇನು ಹೇಳಲಿ?"

ದೊಡ್ಡಮಾವ ಊರುಗೋಲು ಊರುತ್ತ ದೂರದ ಕಲ್ಲುಬೆಂಚಿಗೆ ಹೋಗಿ ಕುಳಿತರು. ಮುಖ ಊದಿಸಿಕೊಂಡಿದ್ದಾರೆ ಎಂದುಕೊಂಡು ಮಗಳು ನೀರಿನ ಬಾಟಲಿ ಹಿಡಿದು ಹತ್ತಿರ ಹೋದಳು. ಸಿಟ್ಟಲ್ಲ. ಅವರು ರಸ್ತೆಯನ್ನೇ ನೋಡುತ್ತ ಕುಳಿತಿದ್ದರು.

"ಕಾಲೊನಿ ಓಟದ ಕತೆ ನಿಮ್ಮಮ್ಮ ಹೇಳಿದ್ದಾಳಾ?"

"ಸಾವಿರ ಸಲ."

"ಟೇಪ್ ಸುತ್ತಿದ್ದು ಯಾರು ಅಂತ ಹೇಳಿದ್ದಾಳಾ?"

"ಸಮಯ ನೋಡ್ತಿದ್ದವರು ಯಾರೋ ಅಂತಿದ್ಲು."

"ಯಾರೋ," ಎಂದರು ದೊಡ್ಡಮಾವ. "ನೋಡು, ನಲವತ್ತೆರಡು ವರ್ಷ ಹೆಸರು ಬಾಯಿ ಬಿಡಲಿಲ್ಲ. ನಾನೇ ಕಣಮ್ಮ. ಜನ ನಗ್ತಿದ್ರು, ನಾಚಿಕೆ ಆಯ್ತು ನನಗೆ. ಬೇಗ ಮುಗಿಸಿಬಿಡೋಣ ಅನ್ನಿಸ್ತು."

ಮಗಳು ಅವರ ಪಕ್ಕ ಕುಳಿತು ಬಾಟಲಿಯ ಮುಚ್ಚಳ ತೆಗೆದುಕೊಟ್ಟಳು. ಅವರು ಎರಡು ಗುಟುಕು ಕುಡಿದು ಹೇಳಿದರು, "ಹೋಗು. ಟೇಪ್ ಹಿಡೀರಿ. ಅವನು ಬಂದಾಗ ಟೇಪ್ ಇಲ್ಲದೇ ಇದ್ರೆ ನಿಲ್ಲೋದಿಲ್ಲ ಅವನು."

ಗೋಲಿ ಜೇಬಿನಿಂದ ಟೇಪಮ್ಮ ಹೊಲಿದ ಬಿಳಿ ಟೇಪು ತೆಗೆದುಕೊಟ್ಟ. ಗೇಟಿನ ಒಂದು ಕಡೆ ಅದರ ತುದಿ ಹಿಡಿದು ಚಾಂಪಿಯನ್ ನಿಂತಳು. ಎಡಗಡೆ, ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ, ಮಗಳು. ನಡುವೆ ಬಟನ್ ಒತ್ತಿ ಕೂರಿಸಿದಳು.

ನಾಲ್ಕು ನಲವತ್ತಕ್ಕೆ ಪೆಟ್ರೋಲ್ ಬಂಕಿನ ತಿರುವಿನಲ್ಲಿ ಎಕ್ಸ್‌ಪ್ರೆಸ್ ಕಾಣಿಸಿದ.

ಗೋಲಿ ಗುಡುಗಿದ, "ಬಾ ಬಾ, ಟೇಪು ಇಲ್ಲೇ ಇದೆ!" ಮೂವತ್ತು ಗಂಟಲು ಅದನ್ನೇ ಕೂಗಿದವು. ಬೇಕರಿಯಾಕೆ ಕೂಗಿದರು, ವ್ಯಾನಿನ ಡ್ರೈವರ್ ಹಾರ್ನ್ ಒತ್ತಿದ. ಗುಂಡಿ ತೋಡುವವ ತಡೆಯಲಾಗದೆ ಸಲಿಕೆಯಿಂದ ಬಕೆಟ್ಟು ಬಾರಿಸತೊಡಗಿದ. ಪದಕಗಳು ಕುಣಿದವು. ಸ್ಮಶಾನದ ಗೇಟು ಅಷ್ಟು ಖುಷಿಯನ್ನು ಹಿಂದೆಂದೂ ಕಂಡಿರಲಿಕ್ಕಿಲ್ಲ. ಮಗಳು ಅಳುತ್ತ ನಗುತ್ತ ತಾನೂ ಕಿರುಚಿದಳು.

ಎಕ್ಸ್‌ಪ್ರೆಸ್ ವೇಗ ಹೆಚ್ಚಿಸಿದ, ಅಂದರೆ ತೋಳು ಜೋರಾಗಿ ಬೀಸಿದ. ಬಂದ, ಬಂದ, ಟೇಪಿಗೆ ಒಂದು ಮೊಳ ಇರುವಾಗ ನಿಂತುಬಿಟ್ಟ. ಎದೆ ಏರಿಳಿಯುತ್ತಿತ್ತು. ಸುತ್ತ ನೋಡಿದ. ವ್ಯಾನಿನೊಳಗೆ ಪೆಟ್ಟಿಗೆ ಇತ್ತು.

"ಅಕ್ಕಂದು ಆಯ್ತಾ?"

"ಏನು ಮಾವ?"

"ಅಕ್ಕ ಟೇಪ್ ಹರಿದಳಾ?"

ಹಿಡಿದದ್ದೇ ಹಿಡಿದದ್ದು, ಅಮ್ಮ ಒಂದು ದಿನವೂ ಟೇಪು ಹರಿದಿರಲಿಲ್ಲ. ಯಾರಿಗೂ ಅದು ಹೊಳೆದೂ ಇರಲಿಲ್ಲ.

"ಇಲ್ಲ ಮಾವ," ಎಂದಳು ಮಗಳು.

"ಮತ್ತೆ? ನಾನು ಹೇಗೆ ಹರಿಯೋದು? ಅವಳು ನನಗಿಂತ ಮೊದಲು ಬಂದಿಲ್ವಾ?" ಎಕ್ಸ್‌ಪ್ರೆಸ್ ಎಲ್ಲರನ್ನೂ ಒಂದು ಸುತ್ತು ನೋಡಿ ಗದರಿದ, "ಅಷ್ಟೂ ಬುದ್ಧಿ ಬೇಡ್ವಾ ನಿಮಗೆ?"

ಮಗಳ ಕೈಯಿಂದ ಟೇಪಿನ ತುದಿಯನ್ನು ಬಿಡಿಸಿಕೊಂಡು, ಎಡಗೈಗೆ ಒಂದು ಸುತ್ತು ಸುತ್ತಿ, ಅಕ್ಕನ ಹಾಗೆಯೇ ಕಾಲು ಅಗಲಿಸಿ ನಿಂತ. ಸೀಟಿ ಊದಿದ.

"ಒಂದು, ಎರಡು, ಮೂರು... ಎತ್ತಿ!"

ಗೋಲಿಯ ಕೂಗಿಗೆ ಪೆಟ್ಟಿಗೆ ಆರು ಹೆಗಲ ಮೇಲೆ ಒಂದಿಷ್ಟೂ ಓಲಾಡದೆ ಏರಿತು. ಪ್ರಾಕ್ಟೀಸ್ ಕೈ ಕೊಡಲಿಲ್ಲ. ಮುಂದಿದ್ದವರು ಟೇಪು ತಮ್ಮ ಎದೆಗೆ ತಾಕದಂತೆ ಅಡ್ಡಡ್ಡ ಬಾಗಿ, ಪೆಟ್ಟಿಗೆಯ ಮುಂದಿನ ತುದಿಯನ್ನು ಟೇಪಿನ ಎತ್ತರಕ್ಕೆ ಇಳಿಸಿ ಮುಂದೊತ್ತಿದರು.

ಟಪ್.

ಚಪ್ಪಾಳೆ ಬಿತ್ತು. ಮಗಳು ಬಟನ್ ಕೂರಿಸಿದಳು. ಗೋಲಿ ಪೆಟ್ಟಿಗೆ ಹೊತ್ತೇ ಹಿಂತಿರುಗಿ, "ಎಲ್ಲರೂ ಬರಲಿ, ನಾವು ನಿಂತಿರ್ತೀವಿ," ಎಂದ. ಒಬ್ಬೊಬ್ಬರಾಗಿ ಸಂಘದ ಉಳಿದವರು, ಬೇಕರಿಯಾಕೆ, ಇಬ್ಬರು ಡ್ರೈವರುಗಳು, ಕೋಚ್ ಹರಿದರು. ಪ್ರತಿ ಸಲ ಟಪ್, ಪ್ರತಿ ಸಲ ಚಪ್ಪಾಳೆ. ಐದಕ್ಕೆ ಬರಬೇಕಿದ್ದವರ ವ್ಯಾನು ಆಗಲೇ ಬಂದು ನಿಂತಿತ್ತು. ಅದರಲ್ಲಿದ್ದವರು ಕಣ್ಣೊರೆಸಿಕೊಂಡು ಕಿಟಕಿಯಿಂದ ನೋಡುತ್ತಿದ್ದರು.

"ಮುಗೀತಾ?" ಎಂದ ಗುಂಡಿ ತೋಡುವವ.

"ಇಲ್ಲ," ಎಂದ ಎಕ್ಸ್‌ಪ್ರೆಸ್. "ನಮ್ಮಣ್ಣ ಇನ್ನೂ ಬಂದಿಲ್ಲ."

ಮೂವತ್ತು ಹೆಜ್ಜೆ ದೂರದಲ್ಲಿ ದೊಡ್ಡಮಾವ ಕಲ್ಲುಬೆಂಚಿನಿಂದ ಏಳುತ್ತಿದ್ದರು. ಊರುಗೋಲು ಊರಿ ಒಂದು ಹೆಜ್ಜೆ ಇಟ್ಟರು, ನಿಂತರು. ಎಲ್ಲರೂ ತಮ್ಮನ್ನೇ ನೋಡುತ್ತಿದ್ದಾರೆ. ಅಭ್ಯಾಸಬಲದಿಂದ ಕೈ ಜೇಬಿನ ಗಡಿಯಾರಕ್ಕೆ ಹೋಯಿತು. ಅದನ್ನು ನೋಡದೆಯೇ ಜೇಬಿಗೆ ಇಳಿಬಿಟ್ಟರು.

ಎಕ್ಸ್‌ಪ್ರೆಸ್ ಎಡಗೈಯ ಟೇಪನ್ನು ಇನ್ನಷ್ಟು ಬಿಗಿಯಾಗಿ ಎಳೆದು ಕೂಗಿದ, "ಬಾ ಅಣ್ಣಾ ಬಾ, ಟೇಪು ಇಲ್ಲೇ ಇದೆ!"

ದೊಡ್ಡಮಾವ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡತೊಡಗಿದರು.